ಎಷ್ಟು ದಿನ ತಡೀತೀವಿ? ಸಪ್ಲೈ ಚೈನ್ ಸರಿಮಾಡಿಕೊಳ್ಳೋಕೆ ಒಂದು ದಿನಲೆಕ್ಕ

ನಾನು ಪರ್ಚೇಸ್ ವಿಭಾಗ ಸೇರಿ ಎರಡನೇ ವರ್ಷ. 380 ಪಂಪುಗಳು ಅರ್ಧ ಜೋಡಣೆಯಾಗಿ ಸಾಲಾಗಿ ನಿಂತಿದ್ದವು. ಮೋಟಾರ್ ಇತ್ತು, ಎರಕದ ಬಾಡಿ ಇತ್ತು, ಪ್ಯಾಕಿಂಗ್ ಡಬ್ಬಿ ಕೂಡ ಬಂದು ಕೂತಿತ್ತು. ಇಲ್ಲದೇ ಇದ್ದದ್ದು ಒಂದೇ: ಬೆರಳಿಗೆ ಉಂಗುರದ ಹಾಗೆ ಕೂರುವ ರಬ್ಬರ್ ಓ-ರಿಂಗ್. ಇಡೀ ಪಂಪಿನಲ್ಲಿ ಅದಕ್ಕಿಂತ ಅಗ್ಗದ ವಸ್ತು ಇನ್ನೊಂದಿರಲಿಲ್ಲ. ಅದಕ್ಕಾಗಿ ಹನ್ನೊಂದು ದಿನ ಲೈನ್ ನಿಂತಿತು.

ಪ್ರತಿ ವಾರ ಮೀಟಿಂಗಿನಲ್ಲಿ ನಾವು ಸ್ಟಾಕ್ ರಿಪೋರ್ಟ್ ನೋಡುತ್ತಿದ್ದೆವು. ಅದರಲ್ಲಿ ಈ ಓ-ರಿಂಗ್ ಹೆಸರೇ ಇರಲಿಲ್ಲ. ಯಾಕಂದ್ರೆ ರಿಪೋರ್ಟ್ ತಯಾರಾಗುತ್ತಿದ್ದದ್ದು ದುಡ್ಡಿನ ಮೇಲೆ. ಜಾಸ್ತಿ ಬೆಲೆಯ ಮಾಲು ಮೇಲೆ, ಕಮ್ಮಿ ಬೆಲೆಯದು ಕೆಳಗೆ, ಮೊದಲ ಐವತ್ತು ಸಾಲು ಮಾತ್ರ ಪ್ರಿಂಟ್. ಓ-ರಿಂಗ್ ಎಲ್ಲೋ ಮುನ್ನೂರನೇ ಸಾಲಿನಲ್ಲಿತ್ತು.

ಅವತ್ತಿನಿಂದ ದುಡ್ಡಿನ ಕಾಲಮ್ಮಿನ ಪಕ್ಕದಲ್ಲಿ ದಿನದ ಕಾಲಮ್ ಒಂದನ್ನು ಸೇರಿಸಿಕೊಂಡೆ. ಈ ಮಾಲು ನಿಂತುಹೋದರೆ ನಾವು ಎಷ್ಟು ದಿನ ತಡೆಯುತ್ತೇವೆ? ಮತ್ತೆ ಬರಲು ಎಷ್ಟು ದಿನ ಬೇಕು? ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಎರಡು ಪ್ರಶ್ನೆಗಳಿಂದಲೇ ಹುಟ್ಟಿದವು. ಸಣ್ಣ ಅಥವಾ ಮಧ್ಯಮ ಗಾತ್ರದ ಕಾರ್ಖಾನೆ, ವಿತರಣೆ, ಅಂಗಡಿ ಸರಣಿ ನಡೆಸುವವರಿಗೆ ಒಂದು ಎಕ್ಸೆಲ್ ಶೀಟ್ ಸಾಕು.

ಮೊದಲು, ಇಲ್ಲಿಗೆ ಹೇಗೆ ಬಂದೆವು

ಸರಕು ಸಾಗಾಟ ಇಷ್ಟು ಅಗ್ಗವಾದದ್ದು ಕಂಟೇನರ್ ಬಂದ ಮೇಲೆ. 1956ರ ಏಪ್ರಿಲ್‌ನಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಉದ್ಯಮಿ 58 ಪೆಟ್ಟಿಗೆಗಳನ್ನು ಹಡಗಿಗೆ ಹೇರಿ ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದರು. ಒಂದೊಂದೇ ಮೂಟೆ ಹೊತ್ತು ಹಡಗು ತುಂಬುವ ಕಾಲ ಅಲ್ಲಿಂದ ಮುಗಿಯುತ್ತಾ ಬಂತು. ದೂರದ ದೇಶದಲ್ಲಿ ಮಾಡಿಸಿ ಇಲ್ಲಿಗೆ ತರಿಸುವುದು ಲಾಭದ ಮಾತಾಯಿತು. ‘ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್’ (ಕಚ್ಚಾ ಮಾಲಿನಿಂದ ಗಿರಾಕಿಯವರೆಗಿನ ಪೂರೈಕೆಯ ಸರಪಳಿಯನ್ನು ನೋಡಿಕೊಳ್ಳುವುದು) ಎಂಬ ಪದ ಚಾಲ್ತಿಗೆ ಬಂದದ್ದು 1982ರಲ್ಲಿ, ಕೀತ್ ಆಲಿವರ್ ಎಂಬ ಸಲಹೆಗಾರರ ಬಾಯಿಂದ. ಆಮೇಲಿನ ಮೂರು ದಶಕ ಎಲ್ಲರ ಗುರಿ ಹೆಚ್ಚುಕಮ್ಮಿ ಒಂದೇ: ಎಲ್ಲಿ ಅಗ್ಗವೋ ಅಲ್ಲಿಂದ ತರಿಸು, ಒಬ್ಬನೇ ವೆಂಡರಿಗೆ ಎಲ್ಲ ಆರ್ಡರ್ ಕೊಟ್ಟು ರೇಟ್ ಇಳಿಸು, ಸ್ಟಾಕ್ ಕಮ್ಮಿ ಮಾಡು.

ಇದು ದಡ್ಡತನವೇನಲ್ಲ. ಗೋದಾಮಿನಲ್ಲಿ ಕೂತ ಮಾಲು ಅಂದರೆ ಕೂತ ದುಡ್ಡು. ಅದಕ್ಕೆ ಬಡ್ಡಿ, ಬಾಡಿಗೆ, ಧೂಳು, ತುಕ್ಕು ಎಲ್ಲ ಇದೆ. ಆದರೆ ದಾರಿ ಯಾವಾಗಲೂ ಸಲೀಸಾಗಿರುತ್ತದೆ ಎಂಬ ನಂಬಿಕೆ ಇದರೊಳಗೆ ಸುಮ್ನೆ ಸೇರಿಕೊಂಡಿತ್ತು. 2011ರ ಜಪಾನ್ ಭೂಕಂಪ, 2020ರ ಕೋವಿಡ್, 2021ರ ಚಿಪ್ ಬರ, ಒಂದಾದ ಮೇಲೊಂದು ಬಂದು ಆ ನಂಬಿಕೆಯನ್ನು ಅಲ್ಲಾಡಿಸಿದವು.

ಹಾಗಂತ ‘ಜಸ್ಟ್ ಇನ್ ಟೈಮ್’ (ಬೇಕಾದಾಗ ಬೇಕಾದಷ್ಟೇ ಮಾಲು ತರಿಸುವ ಪದ್ಧತಿ) ಸತ್ತುಹೋಯಿತು ಅಂತ ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಟೊಯೋಟಾದಲ್ಲಿ ತೈಇಚಿ ಓನೋ ರೂಪಿಸಿದ ಆ ಪದ್ಧತಿಯಲ್ಲಿ ಸ್ಟಾಕ್ ಇಳಿಸುವುದು ಅರ್ಧ ಕೆಲಸ ಮಾತ್ರ. ಸ್ಟಾಕ್ ಎಂಬ ನೀರು ಇಳಿದಾಗ ಅಡಿಯಲ್ಲಿದ್ದ ತೊಂದರೆಯ ಕಲ್ಲು ಕಾಣಿಸುತ್ತದೆ, ಆ ಕಲ್ಲನ್ನು ತೆಗೆಯಬೇಕು. ಇನ್ನರ್ಧ ಅದು. ಬಹಳ ಕಂಪನಿಗಳು ನೀರು ಇಳಿಸಿದವು, ಕಲ್ಲು ತೆಗೆಯುವುದನ್ನು ಮರೆತವು. ದೋಣಿ ತಾಗದೇ ಇರುತ್ತದೆಯೇ?

ಹೆಜ್ಜೆ 1: ಒಂದೇ ಒಂದು ಉತ್ಪನ್ನದ ಸರಪಳಿ ಬಿಡಿಸಿ

ಎಲ್ಲ ಉತ್ಪನ್ನಗಳನ್ನೂ ಒಟ್ಟಿಗೆ ಹಿಡಿದುಕೊಂಡರೆ ಕೆಲಸ ಮುಗಿಯುವುದಿಲ್ಲ. ನಿಮಗೆ ಜಾಸ್ತಿ ಲಾಭ ತರುವ ಒಂದನ್ನು ಆರಿಸಿ. ಅದರ ಬಿಲ್ ಆಫ್ ಮೆಟೀರಿಯಲ್ (ಅದಕ್ಕೆ ಬೇಕಾದ ಬಿಡಿಭಾಗಗಳ ಪಟ್ಟಿ) ತೆಗೆದುಕೊಂಡು ಸಣ್ಣ ತಿರುಪು, ಲೇಬಲ್, ಅಂಟು, ಟೇಪಿನವರೆಗೆ ಒಂದನ್ನೂ ಬಿಡದೆ ಒಂದೊಂದು ಸಾಲಿಗೆ ಬರೆಯಿರಿ. ಪಕ್ಕದಲ್ಲಿ ವೆಂಡರ್ ಹೆಸರು. ಅದರ ಪಕ್ಕದಲ್ಲಿ, ಆ ವೆಂಡರಿಗೆ ಕಚ್ಚಾ ಮಾಲು ಎಲ್ಲಿಂದ ಬರುತ್ತದೆ ಎಂಬುದು.

ಈ ಮೂರನೇ ಕಾಲಮ್ ತುಂಬುವುದೇ ಕಷ್ಟ. ನೇರವಾಗಿ ಕೇಳಿದರೆ ವೆಂಡರ್ ಹೇಳುವುದಿಲ್ಲ. ನೀವು ಅವನನ್ನು ಬಿಟ್ಟು ನೇರ ಅಲ್ಲಿಗೇ ಹೋಗಿಬಿಡುತ್ತೀರಿ ಎಂಬ ಭಯ ಅವನಿಗೆ. ಅದು ಸಹಜವೇ. ನಾನು ಬಳಸುವ ಉಪಾಯ ಇದು: “ಹೆಸರು ಬೇಡ ಸಾರ್. ಮಾಲು ಯಾವ ಊರಿಂದ ಬರುತ್ತೆ, ಎಷ್ಟು ದಿನ ಹಿಡಿಯುತ್ತೆ, ಅಲ್ಲಿ ಬಿಟ್ಟರೆ ಬೇರೆ ಕಡೆ ಸಿಗುತ್ತಾ? ಅಷ್ಟು ಹೇಳಿ ಸಾಕು.” ಹತ್ತರಲ್ಲಿ ಎಂಟು ಜನ ಇದಕ್ಕೆ ಉತ್ತರ ಕೊಡುತ್ತಾರೆ. ನಮಗೆ ಬೇಕಾದದ್ದೂ ಅಷ್ಟೇ ಅಲ್ವಾ?

ನಮ್ಮ ಓ-ರಿಂಗಿಗೆ ಒಬ್ಬರಲ್ಲ, ಇಬ್ಬರು ವೆಂಡರ್ ಇದ್ದರು. ಅದಕ್ಕೇ ನಾವು ನಿಶ್ಚಿಂತೆಯಾಗಿದ್ದೆವು. ಲೈನ್ ನಿಂತ ಮೇಲೆ ವಿಚಾರಿಸಿದರೆ, ಇಬ್ಬರೂ ರಬ್ಬರ್ ಕಾಂಪೌಂಡ್ ತರಿಸುತ್ತಿದ್ದದ್ದು ಒಬ್ಬನೇ ಮಿಕ್ಸಿಂಗ್‌ನವನ ಹತ್ತಿರ. ಅವನ ಯಂತ್ರದ ಗೇರ್‌ಬಾಕ್ಸ್ ಕೆಟ್ಟಿತ್ತು. ಕಾಗದದ ಮೇಲೆ ಎರಡು ದಾರಿ, ನೆಲದ ಮೇಲೆ ಒಂದೇ.

ದೊಡ್ಡವರಿಗೂ ಇದೇ ಅನುಭವ ಆಗಿದೆ. 2011ರ ಮಾರ್ಚ್ 11ರ ಭೂಕಂಪದ ನಂತರ ಅಮೆರಿಕದ ಫೋರ್ಡ್ ಕಂಪನಿ, ಕೆಲವು ಕಪ್ಪು ಮತ್ತು ಕೆಂಪು ಬಣ್ಣದ ಗಾಡಿಗಳಿಗೆ ಆರ್ಡರ್ ತೆಗೆದುಕೊಳ್ಳಬೇಡಿ ಎಂದು ಡೀಲರುಗಳಿಗೆ ತಿಳಿಸಬೇಕಾಯಿತು. ಕಾರಣ, ಪೇಂಟಿಗೆ ಮಿಂಚು ಕೊಡುವ ಕ್ಸಿರಾಲಿಕ್ ಎಂಬ ಪುಡಿ. ಅದು ತಯಾರಾಗುತ್ತಿದ್ದದ್ದು ಫುಕುಶಿಮಾ ಬಳಿಯ ಒನಹಾಮಾದಲ್ಲಿದ್ದ ಮರ್ಕ್ ಕಂಪನಿಯ ಒಂದೇ ಘಟಕದಲ್ಲಿ. ಪೇಂಟ್ ಕಂಪನಿಗಳು ಬೇರೆಬೇರೆ, ಪುಡಿ ಮಾತ್ರ ಒಂದೇ ಕಡೆಯದು.

ಹೆಜ್ಜೆ 2: ಪ್ರತಿ ಸಾಲಿಗೂ ಎರಡು ಸಂಖ್ಯೆ

ಈಗ ಪ್ರತಿ ಬಿಡಿಭಾಗದ ಮುಂದೆ ಎರಡು ಸಂಖ್ಯೆ ಬರೆಯಿರಿ.

ಮೊದಲನೆಯದು ‘ತಡೆಯುವ ದಿನ’. ಈ ಮಾಲು ಬರುವುದು ಇವತ್ತೇ ನಿಂತರೆ ಕೈಯಲ್ಲಿರುವುದರಲ್ಲಿ ಎಷ್ಟು ದಿನ ಲೈನ್ ಓಡುತ್ತದೆ? ನಿಮ್ಮ ಸ್ಟೋರಿನಲ್ಲಿರುವುದು, ದಾರಿಯಲ್ಲಿರುವುದು, ವೆಂಡರ್ ಹತ್ತಿರ ತಯಾರಾಗಿ ಕೂತಿರುವುದು, ಎಲ್ಲ ಸೇರಿಸಿ. ಕಂಪ್ಯೂಟರಿನಲ್ಲಿ ಇದ್ದು ರ‍್ಯಾಕಿನಲ್ಲಿ ಇಲ್ಲದ್ದನ್ನು ಮಾತ್ರ ಸೇರಿಸಬೇಡಿ.

ಎರಡನೆಯದು ‘ಚೇತರಿಕೆಯ ದಿನ’. ಆ ವೆಂಡರ್ ಪೂರ್ತಿ ಮುಚ್ಚಿದರೆ ಬೇರೆ ಎಲ್ಲಿಂದಾದರೂ ಸರಿಯಾದ ಮಾಲು ನಿಮ್ಮ ಲೈನಿಗೆ ಬರಲು ಎಷ್ಟು ದಿನ? ಇದರಲ್ಲಿ ಡೈ (ಅಚ್ಚು) ಮಾಡಿಸುವುದು, ಸ್ಯಾಂಪಲ್, ಟೆಸ್ಟ್, ಅಪ್ರೂವಲ್ ಎಲ್ಲವೂ ಸೇರಬೇಕು. ಇಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. “ಓ-ರಿಂಗ್ ತಾನೇ, ಎರಡು ದಿನದಲ್ಲಿ ತರಿಸ್ತೀನಿ” ಎಂದು ನಾನೇ ಹೇಳಿದ್ದೆ. ಅಳತೆ ಸಿಕ್ಕಿತು, ಆದರೆ ಬಿಸಿನೀರಿಗೆ ತಡೆಯುವ ರಬ್ಬರ್ ಸಿಗಲಿಲ್ಲ.

ನಮ್ಮ ಪಂಪಿನ ಮೂರು ಸಾಲು ನೋಡಿ. ಮೋಟಾರಿಗೆ ತಡೆಯುವ ದಿನ 20, ಚೇತರಿಕೆ 15. ಐದು ದಿನ ಉಳಿಕೆ, ಪರವಾಗಿಲ್ಲ. ಡಬ್ಬಿಗೆ 4 ಮತ್ತು 3. ಬಿಗಿಯಾಗಿದೆ, ಆದರೂ ನಡೆಯುತ್ತದೆ. ಓ-ರಿಂಗಿಗೆ 9 ಮತ್ತು 35. ಅಂದರೆ 26 ದಿನ ಸಾಲ. ನಮ್ಮ ದುಡ್ಡಿನ ರಿಪೋರ್ಟಿನಲ್ಲಿ ಮೋಟಾರ್ ಮೊದಲ ಸಾಲಿನಲ್ಲಿತ್ತು. ದಿನದ ರಿಪೋರ್ಟಿನಲ್ಲಿ ಓ-ರಿಂಗ್ ಮೊದಲು ಬಂತು, ಮೋಟಾರ್ ಕಣ್ಣಿಗೇ ಬೀಳಲಿಲ್ಲ.

ಈ ಯೋಚನೆ ನನ್ನದಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡೇವಿಡ್ ಸಿಮ್ಚಿ-ಲೆವಿ ಮತ್ತು ಜೊತೆಗಾರರು ಫೋರ್ಡ್ ಕಂಪನಿಯೊಂದಿಗೆ ಸೇರಿ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದರು. ಭೂಕಂಪ ಬರುತ್ತದೋ, ಬೆಂಕಿ ಬೀಳುತ್ತದೋ, ಮುಷ್ಕರವಾಗುತ್ತದೋ ಎಂದು ಊಹಿಸುತ್ತಾ ಕೂರುವುದನ್ನು ಅವರು ಬಿಟ್ಟರು. ಕಾರಣ ಯಾವುದೇ ಇರಲಿ, ಈ ಜಾಗ ನಿಂತರೆ ಏನಾಗುತ್ತದೆ ಎಂದಷ್ಟೇ ಕೇಳಿದರು. ಒಬ್ಬ ವೆಂಡರಿಗೆ ಎಷ್ಟು ದುಡ್ಡು ಕೊಡುತ್ತೀರಿ ಎಂಬುದಕ್ಕೂ ಅವನು ನಿಂತರೆ ಆಗುವ ನಷ್ಟಕ್ಕೂ ಸಂಬಂಧವೇ ಇಲ್ಲ ಎಂಬುದು ಅಲ್ಲೂ ಕಂಡುಬಂತು.

1997ರ ಫೆಬ್ರವರಿ 1ರಂದು ಜಪಾನಿನ ಐಸಿನ್ ಕಂಪನಿಯ ಒಂದು ಘಟಕಕ್ಕೆ ಬೆಂಕಿ ಬಿತ್ತು. ಟೊಯೋಟಾ ಕಾರುಗಳ ಬ್ರೇಕಿಗೆ ಹಾಕುವ ಒಂದು ಪುಟ್ಟ ವಾಲ್ವ್ ಹೆಚ್ಚುಕಮ್ಮಿ ಪೂರ್ತಿ ಅಲ್ಲಿಂದಲೇ ಬರುತ್ತಿತ್ತು. ಟೊಯೋಟಾದ ಜಪಾನ್ ಕಾರ್ಖಾನೆಗಳು ಹೆಚ್ಚುಕಮ್ಮಿ ಎಲ್ಲವೂ ನಿಂತವು. ಸುಮಾರು 200 ಕಂಪನಿಗಳು ಕೈಜೋಡಿಸಿ, ಕೆಲವರು ಹೊಲಿಗೆ ಯಂತ್ರ ಮಾಡುವವರೂ ಸೇರಿ, ತಮ್ಮ ತಮ್ಮ ಯಂತ್ರಗಳಲ್ಲಿ ಆ ವಾಲ್ವ್ ಮಾಡಿಕೊಟ್ಟರು. ವಾರದೊಳಗೆ ಗಾಡಿ ಹಳಿಗೆ ಬಂತು. ಚೇತರಿಕೆಯ ದಿನ ಕಮ್ಮಿ ಮಾಡುವುದು ಸ್ಟಾಕ್ ಇಡುವಷ್ಟೇ ಒಳ್ಳೆಯ ದಾರಿ ಎಂದು ನಾನು ಕಲಿತದ್ದು ಈ ಘಟನೆ ಓದಿ. ಡ್ರಾಯಿಂಗ್ ನಿಮ್ಮ ಹತ್ತಿರ ಇದೆಯೇ, ಡೈ ಯಾರ ಹೆಸರಲ್ಲಿದೆ, ಟೆಸ್ಟ್ ರಿಪೋರ್ಟ್ ಎಲ್ಲಿದೆ? ಇವು ಸಿದ್ಧವಿದ್ದರೆ 35 ದಿನ 18ಕ್ಕೆ ಇಳಿಯುತ್ತದೆ. ಒಂದು ರಿಂಗೂ ಹೆಚ್ಚಿಗೆ ಕೊಳ್ಳಬೇಕಾಗಿಲ್ಲ.

ಹೆಜ್ಜೆ 3: ವೆಂಡರ್ ಹೇಳಿದ ದಿನ ಬಿಡಿ, ಬಂದ ದಿನ ನೋಡಿ

ಇದಕ್ಕೆ ಒಂದು ಮಧ್ಯಾಹ್ನ ತೆಗೆದಿಡಿ. ಇಡೀ ಲೇಖನದಲ್ಲಿ ಒಂದನ್ನೇ ಮಾಡುತ್ತೀರಿ ಅಂದ್ರೆ ಇದನ್ನು ಮಾಡಿ.

ಒಂದು ಮಾಲಿನ ಕಳೆದ ಹತ್ತು ಆರ್ಡರ್ ತೆಗೆಯಿರಿ. ಪಿ.ಒ. (ಖರೀದಿ ಆರ್ಡರಿನ ಕಾಗದ) ಕಳಿಸಿದ ದಿನದಿಂದ ಮಾಲು ಬಳಕೆಗೆ ಸಿಕ್ಕ ದಿನದವರೆಗೆ ಎಣಿಸಿ. ಗೇಟಿಗೆ ಬಂದ ದಿನ ಅಲ್ಲ, ಇನ್‌ಸ್ಪೆಕ್ಷನ್ ಮುಗಿದು ಸ್ಟೋರಿಗೆ ಸೇರಿದ ದಿನ. ನಮ್ಮ ಒಂದು ಸೀಲ್‌ನ ಲೆಕ್ಕ ಹೀಗಿತ್ತು: 12, 14, 13, 15, 12, 30, 13, 14, 16, 21. ವೆಂಡರ್ ಕೊಟ್ಟ ಮಾತು 12 ದಿನ. ನಿಜವಾದ ಸರಾಸರಿ 16. ಆದರೆ ಸರಾಸರಿಗಿಂತ ಮುಖ್ಯವಾದದ್ದು ಆ 30 ಮತ್ತು 21. ಅಂದರೆ ಏರುಪೇರು.

ಏರುಪೇರನ್ನು ಅಳೆಯಲು ಎಕ್ಸೆಲ್‌ನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್ ಸೂತ್ರ ಇದೆ. ಈ ಹತ್ತು ಸಂಖ್ಯೆಗಳಿಗೆ ಅದು ಸುಮಾರು 5.6 ದಿನ ಬರುತ್ತದೆ. ನಮ್ಮ ಬಳಕೆ ದಿನಕ್ಕೆ 40 ಸೀಲ್, ಅದರಲ್ಲೂ ಏರುಪೇರು ಇದೆ, ಸುಮಾರು 10.

ಈಗ ಸೇಫ್ಟಿ ಸ್ಟಾಕ್, ಅಂದರೆ ಏರುಪೇರಿಗೆಂದು ಹೆಚ್ಚಿಗೆ ಇಟ್ಟುಕೊಳ್ಳುವ ಮಾಲಿನ ಲೆಕ್ಕ. ಎರಡು ತುಂಡಾಗಿ ಮಾಡೋಣ.

ಬಳಕೆಯ ಏರುಪೇರು: 10ರ ವರ್ಗ 100, ಅದಕ್ಕೆ ಸರಾಸರಿ ಲೀಡ್ ಟೈಮ್ (ಆರ್ಡರಿನಿಂದ ಮಾಲು ಸಿಗುವವರೆಗಿನ ದಿನ) 16ರಿಂದ ಗುಣಿಸಿದರೆ 1,600.

ವೆಂಡರ್ ಏರುಪೇರು: 40ರ ವರ್ಗ 1,600, ಅದಕ್ಕೆ 5.6ರ ವರ್ಗ, ಅಂದರೆ ಸುಮಾರು 31ರಿಂದ ಗುಣಿಸಿದರೆ ಹತ್ತಿರ ಹತ್ತಿರ 50,000.

ಎರಡನ್ನೂ ಕೂಡಿ ವರ್ಗಮೂಲ ತೆಗೆದರೆ ಸುಮಾರು 227. ನೂರರಲ್ಲಿ 95 ಸಲ ಮಾಲು ಖಾಲಿಯಾಗಬಾರದು ಅಂದರೆ ಅದನ್ನು ಸಂಖ್ಯಾಶಾಸ್ತ್ರದ ಕೋಷ್ಟಕ ಹೇಳುವ 1.65ರಿಂದ ಗುಣಿಸಬೇಕು. 374 ಸೀಲ್ ಬರುತ್ತದೆ. ಇದು ಸೇಫ್ಟಿ ಸ್ಟಾಕ್. ಲೀಡ್ ಟೈಮಿನ 16 ದಿನಕ್ಕೆ ಬೇಕಾದ 640 ಸೇರಿಸಿದರೆ 1,014. ಸ್ಟೋರಿನಲ್ಲಿರುವುದು, ಬರಬೇಕಾದ್ದು ಎರಡೂ ಸೇರಿ 1,014ಕ್ಕೆ ಇಳಿದ ಕೂಡಲೇ ಆರ್ಡರ್ ಹೋಗಬೇಕು. ವೆಂಡರ್ ಹೇಳಿದ 12 ದಿನ ನಂಬಿ ನಾವು 480ಕ್ಕೆ ಆರ್ಡರ್ ಹಾಕುತ್ತಿದ್ದೆವು! ಪದೇಪದೇ ಮಾಲು ಖಾಲಿಯಾಗುತ್ತಿದ್ದದ್ದರಲ್ಲಿ ಆಶ್ಚರ್ಯ ಏನಿದೆ?

ಈಗ ಆ ಎರಡು ತುಂಡನ್ನು ಮತ್ತೊಮ್ಮೆ ನೋಡಿ. 1,600 ಎಲ್ಲಿ, 50,000 ಎಲ್ಲಿ! ನಮ್ಮ ಮಾರ್ಕೆಟಿಂಗ್‌ನವರ ಅಂದಾಜು ಸರಿಯಿಲ್ಲ ಎಂದು ನಾವು ವರ್ಷಗಟ್ಟಲೆ ಜಗಳವಾಡಿದ್ದೆವು. ಅವರ ಅಂದಾಜು ನೂರಕ್ಕೆ ನೂರು ಸರಿಯಾಗಿದ್ದರೂ 374ರ ಜಾಗದಲ್ಲಿ 368 ಇಡಬೇಕಿತ್ತು. ಆರು ಸೀಲ್ ಉಳಿತಾಯ. ಅದೇ ವೆಂಡರಿನ ಏರುಪೇರು 5.6 ದಿನದಿಂದ 2 ದಿನಕ್ಕೆ ಇಳಿದಿದ್ದರೆ ಸೇಫ್ಟಿ ಸ್ಟಾಕ್ 148ಕ್ಕೆ ಬರುತ್ತಿತ್ತು. ಅರ್ಧಕ್ಕಿಂತ ಕಮ್ಮಿ.

ಹಾಗಾಗಿ ವೆಂಡರ್ ಹತ್ತಿರ “ಬೇಗ ಕೊಡಿ” ಎಂದು ಕೇಳುವುದಕ್ಕಿಂತ “ಹೇಳಿದ ದಿನವೇ ಕೊಡಿ” ಎಂದು ಕೇಳಿ. 18 ದಿನ ಎಂದು ಹೇಳಿ 18ಕ್ಕೇ ಕೊಡುವವನು, 12 ಎಂದು ಹೇಳಿ ಒಮ್ಮೆ 12ಕ್ಕೆ ಒಮ್ಮೆ 30ಕ್ಕೆ ಕೊಡುವವನಿಗಿಂತ ವಾಸಿ. ಆ 30 ದಿನ ಯಾಕಾಯಿತು ಎಂದು ಹೋಗಿ ನೋಡಿದಾಗ ತಪ್ಪು ಅರ್ಧ ನಮ್ಮದೇ ಆಗಿತ್ತು. ಡ್ರಾಯಿಂಗ್ ಬದಲಾಯಿಸಿ ಹಳೇ ನಂಬರಿನಲ್ಲೇ ಪಿ.ಒ. ಕಳಿಸಿದ್ದೆವು.

ಒಂದು ಎಚ್ಚರಿಕೆ. ಈ ಸೂತ್ರ ದಿನನಿತ್ಯದ ಏರುಪೇರಿಗೆ. ಕಾರ್ಖಾನೆ ಸುಟ್ಟುಹೋದರೆ, ಬಂದರು ಮುಚ್ಚಿದರೆ ಇದು ಕಾಪಾಡುವುದಿಲ್ಲ. ಅದಕ್ಕೆ ಎರಡನೇ ಹೆಜ್ಜೆಯ ಲೆಕ್ಕವೇ ಬೇಕು.

ಹೆಜ್ಜೆ 4: ಬಫರ್ ಇಡಿ, ಆದರೆ ಸರಿಯಾದ ಜಾಗದಲ್ಲಿ

ಕೋವಿಡ್ ನಂತರ ಬಹಳ ಜನ ಗೋದಾಮು ತುಂಬಿಸಿದರು. ಆಮೇಲೆ ಖರ್ಚಾಗದೆ ಉಳಿದ ಡೆಡ್ ಸ್ಟಾಕ್ ನೋಡಿಕೊಂಡು ತಲೆ ಮೇಲೆ ಕೈ ಹೊತ್ತರು. ದಿನದ ಲೆಕ್ಕದಲ್ಲಿ ಸಾಲ ತೋರಿಸುವ ಮಾಲಿಗೆ ಮಾತ್ರ ಬಫರ್, ಅಂದರೆ ಹೆಚ್ಚುವರಿ ಸ್ಟಾಕ್, ಸಾಕು. ಅಗ್ಗದ, ಸಣ್ಣ, ಹಾಳಾಗದ ವಸ್ತುವಿಗೆ ಮೂರು ತಿಂಗಳ ಸ್ಟಾಕ್ ಇಟ್ಟರೂ ಒಂದು ರ‍್ಯಾಕ್ ತುಂಬುವುದಿಲ್ಲ. ರಬ್ಬರಿನಂಥದ್ದಕ್ಕೆ ಶೆಲ್ಫ್ ಲೈಫ್ ನೋಡಿಕೊಳ್ಳಿ, ಹಳೆಯದು ಮೊದಲು ಹೊರಗೆ ಹೋಗಲಿ.

ಸಾಧ್ಯವಾದಷ್ಟು ಮಾಲನ್ನು ಅರ್ಧ ತಯಾರಾದ ರೂಪದಲ್ಲಿ ಇಡಿ. 1990ರ ದಶಕದ ಆರಂಭದಲ್ಲಿ ಎಚ್‌ಪಿ ಕಂಪನಿ ಡೆಸ್ಕ್‌ಜೆಟ್ ಪ್ರಿಂಟರುಗಳನ್ನು ಒಂದೊಂದು ದೇಶಕ್ಕೂ ಬೇರೆಬೇರೆಯಾಗಿ ಪ್ಯಾಕ್ ಮಾಡಿ ಕಳಿಸುವುದನ್ನು ಬಿಟ್ಟಿತು. ಎಲ್ಲರಿಗೂ ಒಂದೇ ಪ್ರಿಂಟರ್ ಕಳಿಸಿ, ಆಯಾ ದೇಶದ ಪವರ್ ಸಪ್ಲೈ ಮತ್ತು ಮ್ಯಾನ್ಯುವಲ್ ಅನ್ನು ಅಲ್ಲಿನ ವಿತರಣಾ ಕೇಂದ್ರದಲ್ಲೇ ಸೇರಿಸಿತು. ಒಂದು ದೇಶದಲ್ಲಿ ಮಾಲು ರಾಶಿ, ಇನ್ನೊಂದರಲ್ಲಿ ಬರ, ಆ ತಾಪತ್ರಯ ಕಮ್ಮಿಯಾಯಿತು. ನಿಮ್ಮಲ್ಲೂ ಬಣ್ಣ, ಲೇಬಲ್, ಪ್ಯಾಕಿಂಗ್ ಇಂಥವನ್ನು ಕೊನೆಗೆ ತಳ್ಳಬಹುದೇ ನೋಡಿ.

ಹೆಜ್ಜೆ 5: ಗಾಬರಿಯ ಆರ್ಡರ್ ಹಾಕಬೇಡಿ

ಮಗುವಿನ ಡಯಾಪರ್ ಯೋಚಿಸಿ. ಮಗು ದಿನಕ್ಕೆ ಬಳಸುವ ಸಂಖ್ಯೆ ಹೆಚ್ಚುಕಮ್ಮಿ ಒಂದೇ. ಆದರೂ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಪ್ಯಾಂಪರ್ಸ್ ಆರ್ಡರುಗಳನ್ನು ನೋಡಿದಾಗ ಅಂಗಡಿಯ ಮಾರಾಟ ಸಣ್ಣಗೆ ಅಲುಗಾಡುತ್ತಿತ್ತು, ವಿತರಕರ ಆರ್ಡರ್ ಜೋರಾಗಿ ಏರಿಳಿಯುತ್ತಿತ್ತು, ಕಚ್ಚಾ ಮಾಲಿನ ಆರ್ಡರ್ ಅದಕ್ಕಿಂತಲೂ ಜಾಸ್ತಿ ಕುಣಿಯುತ್ತಿತ್ತು. ಬಾರುಕೋಲು ಬೀಸಿದ ಹಾಗೆ. ಹಿಡಿಯಲ್ಲಿ ಸಣ್ಣ ಅಲುಗಾಟ, ತುದಿಯಲ್ಲಿ ಛಟೀರ್. ಇದಕ್ಕೆ ‘ಬುಲ್‌ವಿಪ್ ಎಫೆಕ್ಟ್’ ಎನ್ನುತ್ತಾರೆ. ಎಂಐಟಿಯ ಜೇ ಫಾರೆಸ್ಟರ್ 1961ರಷ್ಟು ಹಿಂದೆಯೇ ಇದನ್ನು ಬಿಡಿಸಿ ಹೇಳಿದ್ದರು.

ಹೇಗಾಗುತ್ತದೆ ನೋಡಿ. ಅಂಗಡಿಯಲ್ಲಿ ವಾರಕ್ಕೆ 100 ಹೋಗುತ್ತಿತ್ತು, ಈ ವಾರ 110 ಹೋಯಿತು. ಅಂಗಡಿಯವನು “ಇರಲಿ” ಎಂದು 120 ಆರ್ಡರ್ ಹಾಕಿದ. ವಿತರಕನಿಗೆ ಕಂಡದ್ದು 120. ಅವನು 140 ಕೇಳಿದ. ಕಾರ್ಖಾನೆಯವನು 180ಕ್ಕೆ ಕಚ್ಚಾ ಮಾಲು ಹೇಳಿದ. ಮುಂದಿನ ವಾರ ಮತ್ತೆ 100ಕ್ಕೇ ಬಂತು. ಎಲ್ಲರ ಗೋದಾಮಿನಲ್ಲೂ ರಾಶಿ, ಎಲ್ಲರೂ ಆರ್ಡರ್ ನಿಲ್ಲಿಸಿದರು. ತಪ್ಪು ಯಾರದು? ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಜಾಣನಾಗಿಯೇ ನಡೆದುಕೊಂಡಿದ್ದ.

ಕೊರತೆ ಇದ್ದಾಗ ಇದು ಇನ್ನೂ ಕೆಡುತ್ತದೆ. “ಕೇಳಿದ್ದರಲ್ಲಿ ಅರ್ಧ ಕೊಡುತ್ತಾರೆ” ಎಂದು ಗೊತ್ತಾದರೆ ಎಲ್ಲರೂ ಎರಡರಷ್ಟು ಕೇಳುತ್ತಾರೆ. ಕೆಲವರು ಮೂರು ಕಡೆ ಆರ್ಡರ್ ಹಾಕಿ ಮೊದಲು ಬಂದದ್ದನ್ನು ಇಟ್ಟುಕೊಂಡು ಉಳಿದದ್ದು ಕ್ಯಾನ್ಸಲ್ ಮಾಡುತ್ತಾರೆ. ಸಿಸ್ಕೋ ಕಂಪನಿ ಇಂಥ ಆರ್ಡರುಗಳನ್ನು ನಿಜವೆಂದು ನಂಬಿ ಮಾಲು ತುಂಬಿಸಿಕೊಂಡಿತು. 2001ರಲ್ಲಿ ಸುಮಾರು 220 ಕೋಟಿ ಡಾಲರ್ ಮೌಲ್ಯದ ಸ್ಟಾಕನ್ನು ನಷ್ಟ ಎಂದು ಬರೆದುಕೊಂಡಿತು.

ನೀವು ಮಾಡಬೇಕಾದದ್ದು: ವೆಂಡರಿಗೆ ಆರ್ಡರ್ ಜೊತೆಗೆ ನಿಮ್ಮ ನಿಜವಾದ ಮಾರಾಟದ ಸಂಖ್ಯೆಯನ್ನೂ ವಾರಕ್ಕೊಮ್ಮೆ ಕಳಿಸಿ. ತಿಂಗಳಿಗೊಂದು ದೊಡ್ಡ ಆರ್ಡರ್ ಬದಲು ವಾರಕ್ಕೊಂದು ಸಣ್ಣ ಆರ್ಡರ್ ಹಾಕಿ. ತಿಂಗಳ ಕೊನೆಯ ಡಿಸ್ಕೌಂಟಿಗೆ ಆಸೆಪಟ್ಟು ಮೂರು ತಿಂಗಳ ಮಾಲು ತುಂಬಬೇಡಿ. ನೀವೇ ಮಾಲು ಕೊಡುವ ಜಾಗದಲ್ಲಿದ್ದು ಕೊರತೆ ಬಂದರೆ, ಗಿರಾಕಿ ಎಷ್ಟು ಕೇಳುತ್ತಾನೆ ಎಂಬುದರ ಮೇಲೆ ಹಂಚಬೇಡಿ, ಹೋದ ಆರು ತಿಂಗಳು ಎಷ್ಟು ಕೊಂಡಿದ್ದ ಎಂಬುದರ ಮೇಲೆ ಹಂಚಿ. ಸುಳ್ಳು ಆರ್ಡರ್ ಹಾಕಿ ಲಾಭವಿಲ್ಲ ಎಂದು ಗೊತ್ತಾದರೆ ಯಾರೂ ಹಾಕುವುದಿಲ್ಲ.

ಹೆಜ್ಜೆ 6: ಎರಡನೇ ವೆಂಡರ್ ಎಲ್ಲಿ ಬೇಕು, ಎಲ್ಲಿ ಬೇಡ

ಎಲ್ಲದಕ್ಕೂ ಇಬ್ಬರು ವೆಂಡರ್ ಇಟ್ಟುಕೊಂಡರೆ ಫಾಲೋಅಪ್ ಮಾಡುವುದರಲ್ಲೇ ದಿನ ಹೋಗುತ್ತದೆ. ಪೀಟರ್ ಕ್ರಾಲ್ಜಿಕ್ ಎಂಬ ಸಲಹೆಗಾರರು 1983ರಲ್ಲಿ ಕೊಟ್ಟ ನಾಲ್ಕು ಮನೆಯ ಚೌಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಒಂದು ಕಡೆ ಲಾಭದ ಮೇಲಿನ ಪರಿಣಾಮ, ಇನ್ನೊಂದು ಕಡೆ ಸಿಗುವ ಕಷ್ಟ. ಬೆಲೆ ಜಾಸ್ತಿ, ಸುಲಭವಾಗಿ ಸಿಗುವ ಮಾಲಿಗೆ ಚೌಕಾಸಿ ಮಾಡಿ. ಬೆಲೆಯೂ ಜಾಸ್ತಿ, ಸಿಗುವುದೂ ಕಷ್ಟ ಎನ್ನುವ ಮಾಲಿನ ವೆಂಡರ್ ಜೊತೆ ಕೂತು ವರ್ಷದ ಯೋಜನೆ ಮಾಡಿ. ಬೆಲೆ ಕಮ್ಮಿ, ಎಲ್ಲೆಡೆ ಸಿಗುವುದರ ಮೇಲೆ ಸಮಯ ಹಾಳು ಮಾಡಬೇಡಿ. ಬೆಲೆ ಕಮ್ಮಿ, ಆದರೆ ಸಿಗುವುದು ಕಷ್ಟ ಎನ್ನುವ ಮನೆಯಲ್ಲೇ ನಮ್ಮ ಓ-ರಿಂಗ್ ಕೂತಿರುತ್ತದೆ. ಎರಡನೇ ವೆಂಡರ್ ಅಲ್ಲಿ ಬೇಕು.

ಎರಡನೇ ವೆಂಡರ್ ಅಂದರೆ ಡೈರಿಯಲ್ಲಿ ಬರೆದ ಫೋನ್ ನಂಬರ್ ಅಲ್ಲ. ಅವನಿಗೆ ಪ್ರತಿ ತಿಂಗಳು ನಿಜವಾದ ಆರ್ಡರ್ ಹೋಗಬೇಕು. 70-30 ಅಥವಾ 80-20 ಹಂಚಿ. ವರ್ಷಗಟ್ಟಲೆ ಏನೂ ಕೊಡದೆ ಕಷ್ಟ ಬಂದ ದಿನ ಫೋನ್ ಮಾಡಿದರೆ ಅವನು ತನ್ನ ಹಳೆಯ ಗಿರಾಕಿಯನ್ನೇ ನೋಡಿಕೊಳ್ಳುತ್ತಾನೆ. ಇಬ್ಬರೂ ಒಂದೇ ನದಿಯ ದಡದಲ್ಲಿದ್ದರೂ ಉಪಯೋಗವಿಲ್ಲ. 2011ರ ಕೊನೆಯಲ್ಲಿ ಥಾಯ್ಲೆಂಡ್‌ನಲ್ಲಿ ಪ್ರವಾಹ ಬಂದಾಗ ಹಾರ್ಡ್ ಡಿಸ್ಕ್ ಕಾರ್ಖಾನೆಗಳೂ ಅದರ ಬಿಡಿಭಾಗ ಮಾಡುವವರೂ ಒಟ್ಟಿಗೆ ನೀರಿನಲ್ಲಿ ಮುಳುಗಿ, ಜಗತ್ತಿನಾದ್ಯಂತ ಹಾರ್ಡ್ ಡಿಸ್ಕ್ ಬೆಲೆ ಏರಿತ್ತು.

ನೋಕಿಯಾ ಮತ್ತು ಎರಿಕ್ಸನ್ ಕಥೆ ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವಂಥದ್ದು. ಆದರೂ ಹೇಳಬೇಕು. 2000ದ ಮಾರ್ಚ್ 17ರಂದು ಅಮೆರಿಕದ ಆಲ್ಬುಕರ್ಕಿಯಲ್ಲಿದ್ದ, ಈ ಎರಡೂ ಕಂಪನಿಗಳಿಗೆ ಫೋನಿನ ಚಿಪ್ ಕೊಡುತ್ತಿದ್ದ ಫಿಲಿಪ್ಸ್ ಘಟಕದಲ್ಲಿ ಸಿಡಿಲಿನಿಂದ ಸಣ್ಣ ಬೆಂಕಿ. ಬೇಗ ಆರಿತು, ಆದರೆ ಹೊಗೆ ಮತ್ತು ನೀರು ಸೇರಿ, ಧೂಳು ಸುಳಿಯದಂತೆ ಕಾಪಾಡುವ ಕ್ಲೀನ್ ರೂಮ್ ಕೆಟ್ಟಿತು. “ಒಂದು ವಾರ ತಡ ಆಗಬಹುದು” ಎಂದು ಇಬ್ಬರಿಗೂ ಸುದ್ದಿ ಹೋಯಿತು. ನೋಕಿಯಾದವರು ಆ ಮಾತನ್ನು ನಂಬದೆ ದಿನಾ ಫೋನ್ ಮಾಡಿ ವಿಚಾರಿಸಿದರು. ಫಿಲಿಪ್ಸ್‌ನ ಬೇರೆ ಘಟಕಗಳಲ್ಲಿ ಜಾಗ ಕೇಳಿ ಪಡೆದರು. ಸಾಧ್ಯವಿದ್ದ ಕಡೆ ಬೇರೆ ವೆಂಡರ್ ಹಿಡಿದರು. ಎರಿಕ್ಸನ್ ಕಾಯಿತು. ಅದಕ್ಕೆ ಬೇರೆ ಮೂಲವೇ ಇರಲಿಲ್ಲ. ಸುಮಾರು 40 ಕೋಟಿ ಡಾಲರ್ ನಷ್ಟವಾಯಿತು. ಮರುವರ್ಷ ಫೋನ್ ವ್ಯಾಪಾರವನ್ನು ಸೋನಿ ಜೊತೆ ಸೇರಿಸಿಕೊಂಡಿತು. ಆ ನಿರ್ಧಾರಕ್ಕೆ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಸಿಡಿಲಿನ ಮೇಲೆ ಹಾಕುವುದು ಬೇಡ.

ಹೆಜ್ಜೆ 7: ದಾರಿಯನ್ನೂ ಒಂದು ವೆಂಡರ್ ಎಂದೇ ನೋಡಿ

2021ರ ಮಾರ್ಚ್ 23ರಂದು 400 ಮೀಟರ್ ಉದ್ದದ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡಿತು. ಆರು ದಿನ ಆ ದಾರಿ ಬಂದ್. ಜಗತ್ತಿನ ವ್ಯಾಪಾರದಲ್ಲಿ ಸುಮಾರು ನೂರಕ್ಕೆ 12ರಷ್ಟು ಆಗ ಹೋಗುತ್ತಿದ್ದ ದಾರಿ ಅದು. 2023ರಲ್ಲಿ ಮಳೆ ಕಮ್ಮಿಯಾಗಿ ಪನಾಮಾ ಕಾಲುವೆಗೆ ನೀರು ಕೊಡುವ ಗಾಟೂನ್ ಸರೋವರ ಇಳಿಯಿತು. ದಿನಕ್ಕೆ 36ರಷ್ಟು ಹೋಗುತ್ತಿದ್ದ ಹಡಗುಗಳನ್ನು 24ರ ಆಸುಪಾಸಿಗೆ ಇಳಿಸಬೇಕಾಯಿತು. ಅದೇ ವರ್ಷದ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ದೊಡ್ಡ ಹಡಗು ಕಂಪನಿಗಳು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು. ಏಷ್ಯಾದಿಂದ ಯುರೋಪಿಗೆ ಹೋಗುವ ಮಾಲಿಗೆ 10ರಿಂದ 14 ದಿನ ಜಾಸ್ತಿ.

ನಿಮ್ಮ ಶೀಟಿನಲ್ಲಿ ಪ್ರತಿ ಆಮದು ಮಾಲಿನ ಮುಂದೆ ದಾರಿ ಬರೆಯಿರಿ: ಯಾವ ಬಂದರಿನಿಂದ, ಎಲ್ಲಿ ಹಡಗು ಬದಲಾವಣೆ, ಯಾವ ಕಾಲುವೆ. ದಾರಿಗೆ 14 ದಿನ ಸೇರಿಸಿ ಲೆಕ್ಕ ಹಾಕಿ. ತಡೆಯುವ ದಿನಕ್ಕಿಂತ ಚೇತರಿಕೆಯ ದಿನ ಜಾಸ್ತಿಯಾಗಿ ಯಾವ ಸಾಲು ಕೆಂಪಾಗುತ್ತದೆ ನೋಡಿ.

ಇನ್ನೊಂದು ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸಿಐಎಫ್ (ಬೆಲೆ, ವಿಮೆ, ಹಡಗಿನ ಬಾಡಿಗೆ ಸೇರಿದ) ಷರತ್ತಿನಲ್ಲಿ ಮಾಲು ತರಿಸಿದರೆ ಹಡಗಿನ ಬಾಡಿಗೆ, ವಿಮೆ ಮಾರುವವನೇ ಕೊಡುತ್ತಾನೆ. ಅದಕ್ಕೆ “ನಮ್ಮ ಬಂದರು ತಲುಪುವವರೆಗೆ ಅವನದೇ ಜವಾಬ್ದಾರಿ” ಎಂದುಕೊಳ್ಳುತ್ತೇವೆ. ಅಲ್ಲ. ಮಾಲು ಅವನ ಬಂದರಿನಲ್ಲಿ ಹಡಗು ಹತ್ತಿದ ಕ್ಷಣದಿಂದ ರಿಸ್ಕ್ ನಿಮ್ಮದು. ಸಮುದ್ರದಲ್ಲಿ ಏನಾದರೂ ಆದರೆ ವಿಮೆಯವರ ಹಿಂದೆ ಓಡಾಡಬೇಕಾದವರು ನೀವೇ. ಆ ವಿಮೆಯೂ ಸಾಮಾನ್ಯವಾಗಿ ಕನಿಷ್ಠ ಮಟ್ಟದ್ದು. ಪಾಲಿಸಿ ಒಮ್ಮೆ ಓದಿ.

ಸಾಗಾಟದವರನ್ನು ಬದಲಾಯಿಸುವಾಗ ಒಂದೇ ದಿನ ಎಲ್ಲವನ್ನೂ ಬದಲಾಯಿಸಬೇಡಿ. 2018ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಕೆಎಫ್‌ಸಿ ಹೊಸ ಸಾಗಾಟ ಕಂಪನಿಗೆ ಹೋಯಿತು. ಹಲವು ಗೋದಾಮುಗಳ ಜಾಗಕ್ಕೆ ಒಂದೇ ಗೋದಾಮು ಬಂತು. ಕೆಲವೇ ದಿನಗಳಲ್ಲಿ, ಸುಮಾರು 900 ಮಳಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾಗಿಲು ಹಾಕಿದವು. ಕೋಳಿ ಅಂಗಡಿಯಲ್ಲಿ ಕೋಳಿಯೇ ಇಲ್ಲ!

ಹೆಜ್ಜೆ 8: ಸಾಫ್ಟ್‌ವೇರ್ ಆಮೇಲೆ

ಎಐ, ಕಂಟ್ರೋಲ್ ಟವರ್, ಡಿಜಿಟಲ್ ಟ್ವಿನ್ ಎಂದು ಮಾರಲು ಬರುವವರು ಬಹಳ. ಕೆಲವು ನಿಜಕ್ಕೂ ಒಳ್ಳೆಯವೇ. ಆದರೆ ನಿಮ್ಮ ಐಟಂ ಪಟ್ಟಿಯಲ್ಲಿ ಒಂದೇ ತಿರುಪಿಗೆ ಮೂರು ಕೋಡ್ ಇದ್ದರೆ ಯಾವ ಎಐ ಏನು ಮಾಡೀತು? ಮೊದಲು ಕೋಡ್ ಸರಿಮಾಡಿ. ದಿನಕ್ಕೆ ಹತ್ತು ಐಟಂ ಎಣಿಸಿ ಕಂಪ್ಯೂಟರ್ ಸಂಖ್ಯೆಯ ಜೊತೆ ತಾಳೆ ನೋಡಿ. ವರ್ಷಕ್ಕೊಮ್ಮೆ ಎಲ್ಲ ನಿಲ್ಲಿಸಿ ಎಣಿಸುವುದಕ್ಕಿಂತ ಇದು ಸುಲಭ, ತಪ್ಪು ಬೇಗ ಸಿಗುತ್ತದೆ. ಮಾಲು ಎಲ್ಲಿಂದ ಬಂತು ಎಂಬ ದಾಖಲೆಯನ್ನೂ ಈಗಲೇ ಇಟ್ಟುಕೊಳ್ಳಿ. ಜರ್ಮನಿಯಲ್ಲಿ 2023ರಿಂದ ದೊಡ್ಡ ಕಂಪನಿಗಳು ತಮ್ಮ ಪೂರೈಕೆದಾರರ ಕಡೆ ಕಾರ್ಮಿಕರ ಸ್ಥಿತಿ ಹೇಗಿದೆ ಎಂದು ನೋಡಬೇಕೆಂಬ ಕಾನೂನು ಬಂದಿದೆ. ಅಂಥ ಗಿರಾಕಿ ಇದ್ದರೆ ಕಾಗದ ನಿಮ್ಮನ್ನೂ ಕೇಳುತ್ತಾರೆ.

ಹೆಜ್ಜೆ 9: ಸುಳ್ಳು ಬೆಂಕಿ ಹಚ್ಚಿ ನೋಡಿ

ಮೂರು ತಿಂಗಳಿಗೊಮ್ಮೆ ಒಂದು ಗಂಟೆ. ಪರ್ಚೇಸ್, ಸ್ಟೋರ್, ಪ್ರೊಡಕ್ಷನ್, ಮಾರಾಟ, ನಾಲ್ಕೂ ಕಡೆಯವರು ಒಂದು ಮೇಜಿಗೆ ಬರಬೇಕು. ಶೀಟಿನಿಂದ ಒಂದು ಸಾಲು ಚೀಟಿ ಎತ್ತಿ. “ಈ ವೆಂಡರ್ ಇವತ್ತು ಬೆಳಿಗ್ಗೆ ಮುಚ್ಚಿದ. ಈಗ ಏನು?” ಬಾಯಿಮಾತಿನ ಉತ್ತರ ಬೇಡ. ಎರಡನೇ ವೆಂಡರಿಗೆ ಅಲ್ಲೇ ಫೋನ್ ಮಾಡಿ. ಸ್ಟೋರಿಗೆ ಹೋಗಿ ಮಾಲು ಎಣಿಸಿ. ಡ್ರಾಯಿಂಗ್ ತೆರೆದು ನೋಡಿ. ಯಾವ ಗಿರಾಕಿಗೆ ಮೊದಲು ಕೊಡುವುದು, ಯಾರಿಗೆ ತಡವಾಗುತ್ತದೆ ಎಂದು ಹೇಳುವುದು, ಅದನ್ನು ಹೇಳುವವರು ಯಾರು, ಎಲ್ಲ ಅವತ್ತೇ ತೀರ್ಮಾನವಾಗಲಿ.

ನಾವು ಮೊದಲ ಸಲ ಮಾಡಿದಾಗ ಚೀಟಿಯಲ್ಲಿ ಬಂದದ್ದು ಒಂದು ಬೇರಿಂಗ್. ಎರಡನೇ ವೆಂಡರಿನ ನಂಬರಿಗೆ ಫೋನ್ ಹಚ್ಚಿದೆವು. ಎತ್ತಿದವರು ಅವರ ಮಗ. ಅಪ್ಪ ವ್ಯಾಪಾರ ನಿಲ್ಲಿಸಿ ಒಂದೂವರೆ ವರ್ಷವಾಗಿತ್ತಂತೆ. ನಮ್ಮ ಶೀಟಿನಲ್ಲಿ ಆ ಸಾಲಿಗೆ ಹಸಿರು ಬಣ್ಣ ಇತ್ತು. ಅಲ್ಲೇ ಕೂತು ಕೆಂಪು ಮಾಡಿದೆವು.